ದಂಡ ತೆತ್ತವರ ನಾಲಿಗೆ

ವಿಜಯಪುರ

ಪ್ರೀತಿಯ ತಂಗಿ,

ನಿಮ್ಮ ಅನುವಾದದ ಮೊದಲ ನಲವತ್ತು ಪುಟಗಳನ್ನು ಎರಡು ಸಲ ಓದಿದೆ. ಹೊಲದ ವರ್ಣನೆ ಬಂದಲ್ಲೆಲ್ಲ ನಿಮ್ಮ ಕನ್ನಡ ತಾನಾಗಿ ನಡೆಯುತ್ತದೆ. ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೇ ಮುಗ್ಗರಿಸುತ್ತದೆ. ನೀವು ಕೇಳಿದ್ದು ಒಂದೇ ಪದದ ವಿಷಯ, ಇಂಗ್ಲಿಷಿನ ‘ಮಲ್ಕ್ಟ್’. ನಿಘಂಟು ತೆರೆದರೆ ‘ದಂಡ, ಜುಲ್ಮಾನೆ’ ಎಂದಿತ್ತು, ಆದರೂ ಮನಸ್ಸು ಒಪ್ಪಲಿಲ್ಲ ಎಂದು ಬರೆದಿದ್ದೀರಿ. ಆ ಒಪ್ಪದ ಮನಸ್ಸನ್ನು ಕಾಪಾಡಿಕೊಳ್ಳಿ.

ಮೊದಲು ತಪ್ಪನ್ನೇ ಹೇಳಿಬಿಡುತ್ತೇನೆ. ‘ವಕೀಲನು ವಿಧವೆಗೆ ದಂಡ ವಿಧಿಸಿದನು’ ಎಂದು ಬರೆದಿದ್ದೀರಿ. ದಂಡ ವಿಧಿಸುವ ಅಧಿಕಾರ ವಕೀಲನಿಗೆ ಎಲ್ಲಿಂದ ಬಂತು? ‘ಮಲ್ಕ್ಟ್’ ಎಂಬುದಕ್ಕೆ ದಂಡ ಹಾಕುವುದು ಎಂಬ ಅರ್ಥದ ಜೊತೆಗೆ ಮೋಸದಿಂದ ಹಣ ಕೀಳುವುದು ಎಂಬ ಅರ್ಥವೂ ಇದೆ. ಆ ವಕೀಲ ವಿಧವೆಯನ್ನು ಸುಲಿದಿದ್ದಾನೆ. ಒಂದೇ ಪದ ನ್ಯಾಯಾಧೀಶನ ಕೈಗೂ ವಂಚಕನ ಕೈಗೂ ಹೊಂದುವಂತಾಯಿತು. ಇಂಥ ಹೊರಳು ಕಂಡಾಗ ನಾನು ಕೇಳಿಕೊಳ್ಳುವುದು, ಪದವನ್ನು ಹೀಗೆ ಬಾಗಿಸಿದವರು ಯಾರು ಎಂದು. ದಂಡ ವಿಧಿಸಿದವರು ಪದವನ್ನು ಕೊಟ್ಟಿರುತ್ತಾರೆ. ಬಾಗಿಸಿದವರು ತೆತ್ತವರು ಎಂಬುದು ನನ್ನ ನಂಬಿಕೆ.

ಪದದ ಬೇರು ಲ್ಯಾಟಿನ್ನಿನ ‘ಮುಲ್ತಾ’. ನಡುವಿನ ‘ಕ್’ ಆಮೇಲೆ ಬರಹದಲ್ಲಿ ಸೇರಿಕೊಂಡದ್ದು. ಕ್ರಿಸ್ತಶಕ 2ನೆಯ ಶತಮಾನದ ರೋಮನ್ ಲೇಖಕ ಔಲಸ್ ಗೆಲ್ಲಿಯಸ್ ಇದರ ಬಗ್ಗೆ ಬರೆದಿದ್ದಾನೆ. ತನಗಿಂತ ಹಿಂದಿನ ವಿದ್ವಾಂಸ ವಾರೋ ಇದನ್ನು ರೋಮನರದಲ್ಲ, ನೆರೆಯ ಸಬೈನ್ ಜನರ ಪದವೆಂದು ಹೇಳಿದ್ದನೆಂದು ನೆನಪಿಸುತ್ತಾನೆ. ಗೆಲ್ಲಿಯಸ್‌ಗಿಂತ ಬಹಳ ಹಿಂದಿನ ರೋಮಿನಲ್ಲಿ ದಂಡ ನಾಣ್ಯದಲ್ಲಿ ಅಲ್ಲ, ದನಕುರಿಗಳಲ್ಲಿ. ಅತಿ ಕಡಿಮೆ ದಂಡ 1 ಕುರಿ. ಅತಿ ಹೆಚ್ಚೆಂದರೆ 2 ಕುರಿ ಮತ್ತು 30 ಎತ್ತು. ಕುರಿ ಯಾಕೆ ಎರಡೇ ಎಂದರೆ, ಆ ಕಾಲದಲ್ಲಿ ಅಲ್ಲಿ ಎತ್ತುಗಳು ಹೇರಳವಾಗಿದ್ದವು, ಕುರಿಗಳು ವಿರಳವಾಗಿದ್ದವು. ಆದರೆ ಒಬ್ಬ ಕೊಬ್ಬಿದ ಎತ್ತು ತರುತ್ತಿದ್ದ, ಇನ್ನೊಬ್ಬ ಬಡಕಲು ಎತ್ತು ತರುತ್ತಿದ್ದ, ದಂಡ ಸಮನಾಗುತ್ತಿರಲಿಲ್ಲ. ಹೀಗಾಗಿ ಅಟೇರ್ನಿಯಸ್ ಹೆಸರಿನ ಕಾನೂನು ಬಂದು ಕುರಿಗೆ 10, ಎತ್ತಿಗೆ 100 ಕಂಚಿನ ‘ಆಸ್’ ನಾಣ್ಯಗಳೆಂದು ಬೆಲೆ ಕಟ್ಟಿತು.

ಇದನ್ನು ಮೊದಲ ಸಲ ಓದಿದ ದಿನ ನನಗೆ ನಮ್ಮೂರ ಕೊಂಡವಾಡ ಕಣ್ಣಮುಂದೆ ಬಂತು. ಇಂಡಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಎಮ್ಮೆ ಯಾರದೋ ಜೋಳದ ಹೊಲಕ್ಕೆ ನುಗ್ಗಿತ್ತು. ಹಿಡಿದು ಕೊಂಡವಾಡಕ್ಕೆ ಹಾಕಿದ್ದರು. ರೋಮಿನಲ್ಲಿ ದನವೇ ದಂಡ, ನಮ್ಮಲ್ಲಿ ದನ ಬಿಡಿಸಿಕೊಳ್ಳಲು ದಂಡ. ಅಪ್ಪ ದುಡ್ಡು ಕಟ್ಟಿ, ಹಗ್ಗ ಹಿಡಿದು, ಮಾತಿಲ್ಲದೆ ಮನೆಗೆ ಬಂದರು. ಅವ್ವ ಒಲೆಯ ಮುಂದೆ ಕುಳಿತು ‘ದುಡ್ಡು ದಂಡವಾಯಿತು’ ಎಂದಳು. ದಂಡ ಮೊದಲಿಗೆ ಕೋಲು. ಕೋಲು ಹಿಡಿದವನ ಶಿಕ್ಷೆಯೂ ದಂಡವಾಯಿತು, ಸೈನ್ಯವೂ ದಂಡಾಯಿತು. ಬೆಳಗಾವಿಯ ದಂಡು ಪ್ರದೇಶದ ಹೆಸರಿನಲ್ಲಿ ಇಂದಿಗೂ ಆ ಕೋಲು ಇದೆ. ಶಿಕ್ಷೆಯ ಹಣಕ್ಕೂ ಅದೇ ಹೆಸರು: ಯಾಜ್ಞವಲ್ಕ್ಯ ಸ್ಮೃತಿ ಅತ್ಯುನ್ನತ ದಂಡವನ್ನು 1080 ಪಣವೆಂದು ಲೆಕ್ಕ ಹಾಕಿಟ್ಟಿತು, ಆ ಸ್ಮೃತಿಗೆ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನ ಬರೆದದ್ದು ನಮ್ಮ ಕಲ್ಯಾಣದಲ್ಲಿ. ಆದರೆ ‘ದಂಡ’ ಎಂದರೆ ವ್ಯರ್ಥ ಎಂಬ ಅರ್ಥ ಯಾವ ಸ್ಮೃತಿಯಿಂದಲೂ ಬಂದದ್ದಲ್ಲ. ಅದು ಅವ್ವನಂಥವರು ಒಲೆಯ ಮುಂದೆ ಕೊಟ್ಟ ಅರ್ಥ.

ಇನ್ನು ಜುಲ್ಮಾನೆ. ಇಪ್ಪತ್ತೈದರ ವಯಸ್ಸಿನಲ್ಲಿ ನಾನು ಒಂದು ಲೇಖನದಲ್ಲಿ ‘ಜುಲುಮೆಯಿಂದ ವಸೂಲಿ ಮಾಡಿದ್ದೇ ಜುಲ್ಮಾನೆ’ ಎಂದು ಬರೆದೆ. ಓದಿದವರೆಲ್ಲ ಮೆಚ್ಚಿದರು. ಗೋಳಗುಮ್ಮಟದ ಹತ್ತಿರ ವಾಸವಿದ್ದ ನಿವೃತ್ತ ಉರ್ದು ಶಿಕ್ಷಕರೊಬ್ಬರು ಮಾತ್ರ ನನ್ನನ್ನು ಮನೆಗೆ ಕರೆಸಿ, ಚಹಾ ಕೊಟ್ಟು, ಒಂದು ಹಾಳೆಯ ಮೇಲೆ ಎರಡು ಪದಗಳನ್ನು ಅರಬಿ ಲಿಪಿಯಲ್ಲಿ ಬರೆದು ತೋರಿಸಿದರು. ಜುರ್ಮ್ ಎಂದರೆ ಅಪರಾಧ, ಜುಲ್ಮ್ ಎಂದರೆ ದಬ್ಬಾಳಿಕೆ. ಎರಡೂ ಅರಬಿ ಪದಗಳೇ, ಆದರೆ ಮೊದಲ ಅಕ್ಷರವೇ ಬೇರೆ, ಧಾತುವೇ ಬೇರೆ. ಕನ್ನಡದ ‘ಜ’ ಆ ಎರಡನ್ನೂ ಒಂದು ಮಾಡಿಬಿಡುತ್ತದೆ. ಜುರ್ಮ್‌ಗೆ ಪಾರ್ಸಿಯ ‘ಆನಾ’ ಸೇರಿ ಜುರ್ಮಾನಾ. ನಮ್ಮ ನಜರಾಣೆ, ಸಾಲಿಯಾನಗಳ ಬಾಲವೂ ಇದೇ. ಕನ್ನಡಕ್ಕೆ ಬಂದಾಗ ‘ರ’ಕಾರ ‘ಲ’ಕಾರವಾಯಿತು. ಆ ಹಾಳೆ ಈಗಲೂ ನನ್ನ ನಿಘಂಟಿನೊಳಗಿದೆ.

ಆದ್ದರಿಂದ, ತಂಗಿ, ಕೇಳಲು ಇಂಪಾದ ವ್ಯುತ್ಪತ್ತಿ ಹೊಳೆದರೆ ಅದನ್ನು ಅಚ್ಚಿಗೆ ಕೊಡುವ ಮುನ್ನ ಆ ಭಾಷೆ ಬಲ್ಲವರ ಮನೆಗೆ ಹೋಗಿ ಬನ್ನಿ. ವಿಜಯಪುರದಲ್ಲಿ ಹುಟ್ಟಿ ಪಾರ್ಸಿ, ಉರ್ದು, ಮರಾಠಿ ಬಲ್ಲವರನ್ನು ಕೇಳದೆ ಕನ್ನಡ ಪದಗಳ ಮೂಲ ಬರೆಯುವುದು ಅಕ್ಷಮ್ಯ. ಜುಲ್ಮಾನೆ ಕಟ್ಟಿದವನ ಕಿವಿಗೆ ಅದರಲ್ಲಿ ಜುಲುಮೆ ಕೇಳಿಸುತ್ತದೆ ಎಂದು ಬರೆದಿದ್ದರೆ ನನ್ನ ಮಾತು ನಿಜವಾಗುತ್ತಿತ್ತು. ಮೂಲವೆಂದು ಬರೆದೆ, ಸುಳ್ಳಾಯಿತು.

ನಿಮಗೆ ಕೊಡಬೇಕೆಂದಿರುವ ಪದ ಇವೆರಡೂ ಅಲ್ಲ. ಅದು ‘ಗುನ್ಹೆಗಾರಿ’. ಗುನ್ಹೆ ಎಂಬುದನ್ನು ನಮ್ಮ ಭಾಗದ ಪೊಲೀಸ್ ಠಾಣೆಯಲ್ಲಿ, ಪತ್ರಿಕೆಯಲ್ಲಿ ದಿನವೂ ಕಾಣುತ್ತೇವೆ. ಗುನ್ಹೆಗಾರಿ ಎಂಬುದು ಮಾತ್ರ ಬಳಕೆಯಿಂದ ಜಾರಿಹೋಗಿದೆ. ಪಾರ್ಸಿಯಲ್ಲಿ ‘ಗುನಾಹ್’ ಎಂದರೆ ಪಾಪ, ಅಪರಾಧ, ಮಾಡಿದವನು ಗುನಾಹ್‌ಗಾರ್, ಅವನ ಸ್ಥಿತಿ ಗುನಾಹ್‌ಗಾರೀ. ಮರಾಠಿಯ ದಫ್ತರಗಳಿಗೆ ಬಂದಾಗ ಅಪರಾಧಿಯ ಸ್ಥಿತಿಯೇ ಅವನು ಕಟ್ಟುವ ಹಣದ ಹೆಸರಾಯಿತು. ಮರಾಠರ ಆಡಳಿತದಲ್ಲಿ ವ್ಯಾಜ್ಯ ಸೋತವನು ಸರ್ಕಾರಕ್ಕೆ ಗುನ್ಹೆಗಾರಿ ತೆರಬೇಕಿತ್ತು. ಗೆದ್ದವನಿಗೂ ಬಿಡುಗಡೆ ಇರಲಿಲ್ಲ. ಅವನು ‘ಹರಕಿ’ ಎಂಬ ಹಣ ಕೊಡಬೇಕಿತ್ತು. (ಇದನ್ನು ನಮ್ಮ ‘ಹರಕೆ’ಗೆ ಗಂಟು ಹಾಕಬೇಡಿ. ಅದು ಹಳಗನ್ನಡದ ‘ಪರಕೆ’, ‘ಪರಸು’ ಎಂಬುದರಿಂದ ಬಂದದ್ದು.) 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯಿತು, ಹೊಸ ಕಾಯಿದೆಗಳ ಜೊತೆ ಹೊಸ ಪದಗಳು ಬಂದವು.

ಈ ‘ಗಾರ್’ ಎಂಬ ಬಾಲವನ್ನು ಸ್ವಲ್ಪ ನಿಂತು ನೋಡಿ. ಪಾರ್ಸಿಯ ಗಾರ್, ಸಂಸ್ಕೃತದ ಕುಂಭಕಾರ, ಚರ್ಮಕಾರಗಳ ‘ಕಾರ’, ಎರಡೂ ‘ಮಾಡು’ ಎಂಬರ್ಥದ ಒಂದೇ ಪ್ರಾಚೀನ ಧಾತುವಿನಿಂದ ಬಂದವು. ಕನ್ನಡದ ‘ಗಾರ’ ಆ ‘ಕಾರ’ದ ರೂಪವೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ಗುನ್ಹೆಗಾರ, ಬಳೆಗಾರ, ಬರಹಗಾರ ಮೂವರೂ ಒಂದೇ ಬೇರಿನ ಕುಡಿಗಳು. ಬೇರೆ ಬೇರೆ ದಾರಿಯಲ್ಲಿ ಸಾವಿರಾರು ಹರದಾರಿ ನಡೆದು ಬಂದು ನಮ್ಮ ಊರಿನಲ್ಲಿ ಸೇರಿದ್ದಾರೆ. ಈ ಸಂಗತಿ ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಎಲ್ಲ ಕಡೆ ಗುನ್ಹೆಗಾರಿ ತುಂಬಬೇಡಿ. ಈಗಿನ ಕಾಲದ ನ್ಯಾಯಾಲಯ ಬಂದಲ್ಲಿ ಜುಲ್ಮಾನೆ ಇರಲಿ, ಕನ್ನಡದ ಕಾಯಿದೆ ಪುಸ್ತಕಗಳಲ್ಲಿರುವುದೂ ಅದೇ. ಪಾದ್ರಿಯ ಮುಂದೆ ಮುದುಕಿ ನಾಣ್ಯ ಇಡುವ ಪ್ರಸಂಗಕ್ಕೆ ‘ದಂಡ’ ಒಡ್ಡಾಗಿದೆ. ಸವದತ್ತಿ ಗುಡ್ಡಕ್ಕೆ ಹೋಗುವವರ ಬಾಯಲ್ಲಿರುವ ‘ತಪ್ಪುಗಾಣಿಕೆ’ ಅಲ್ಲಿಗೆ ಸರಿಯಾದದ್ದು. ವಕೀಲನ ವಾಕ್ಯವನ್ನು ‘ವಿಧವೆಯನ್ನು ಸುಲಿದನು’ ಎಂದು ತಿದ್ದಿ. ಎತ್ತು ಜಮೀನುದಾರನ ಹೊಲಕ್ಕೆ ನುಗ್ಗಿದ ಪುಟದಲ್ಲಿ ಮಾತ್ರ ‘ಗುನ್ಹೆಗಾರಿ ಕಟ್ಟಿ ಎತ್ತು ಬಿಡಿಸಿಕೊಂಡು ಬಂದನು’ ಎಂದು ಬರೆದು, ಗಟ್ಟಿಯಾಗಿ ಓದಿ ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಮುಂದೆ ಓದಿ. ಅವರು ತಡೆದು ಅರ್ಥ ಕೇಳುತ್ತಾರೋ ಇಲ್ಲವೋ ನನಗೆ ಬರೆಯಿರಿ. ಉಳಿದ ಪುಟಗಳನ್ನೂ ಕಳುಹಿಸಿ.

ನಿಮ್ಮ ಹಿರಿಯಣ್ಣ