ಮಗಳಿಗೊಂದು ಪತ್ರ: ಮುಂದಿನ ಅಧ್ಯಾಯ ಬೇಗ ಕಳಿಸು

ಬದಿಯಡ್ಕ

ಪ್ರೀತಿಯ ಮಗಳೇ,

ಮೊನ್ನೆ ಮದುವೆ ಮನೆಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. "ಸೀರಿಯಲ್ ಬಿಟ್ಟಳಂತೆ, ಈಗ ಯಾರದೋ ಪಿ.ಎ. ಅಂತೆ, ಹೌದಾ?" ಹೌದು, ರಾತ್ರಿ ಕಾದಂಬರಿಯೂ ಬರೆಯುತ್ತಾಳೆ ಅಂದೆ. ಪ್ರೇಮದ ಕಥೆಯಾ ಅಂತ ಒಬ್ಬರು ಮೂಗು ಮುರಿದರು. ನನಗೆ ಸಿಟ್ಟು ಬಂತು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ತರಂಗ, ಸುಧಾದ ಧಾರಾವಾಹಿಗೆ ಕಾದು ಕೂತವರು ನಾವೆಲ್ಲ. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಆ ಕಥೆಯ ಹುಡುಗಿಯರು ಹೇಳುತ್ತಿದ್ದರು. ಮೂಗು ಮುರಿಯುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ.

ನಟನೆಗೆ ಹೋಗಿ ಸುಮ್ನೆ ವರ್ಷ ಹಾಳಾಯ್ತು ಅಂತ ಫೋನಲ್ಲಿ ಅಂದೆಯಲ್ಲ, ನಾನು ಒಪ್ಪುವುದಿಲ್ಲ. ನಿನ್ನ ಕಾದಂಬರಿಯ ಬಸ್‌ಸ್ಟ್ಯಾಂಡಿನ ಪುಟ ಇನ್ನೊಮ್ಮೆ ಓದು. ಅವನು ನಾಳೆ ಹೊರಡುತ್ತೇನೆ ಅಂದಾಗ ಅವಳು ಅಳುವುದಿಲ್ಲ. ಕೊಡೆಯ ಪಟ್ಟಿ ಬಿಚ್ಚುತ್ತಾಳೆ, ಸುತ್ತುತ್ತಾಳೆ, ಮತ್ತೆ ಬಿಚ್ಚುತ್ತಾಳೆ. ಅಷ್ಟೇ. ನನಗೆ ಗಂಟಲು ಕಟ್ಟಿತು. ಮಾತು ಹೊರಡದಾಗ ಕೈ ಏನು ಮಾಡುತ್ತದೆ ಅಂತ ಕ್ಯಾಮರಾ ಮುಂದೆ ನಿಂತವಳಿಗೆ ಗೊತ್ತಿರುತ್ತದೆ.

ಆದರೆ ಒಂದು ತಕರಾರು. ಹುಡುಗಿ ನಮ್ಮ ಕಾಸರಗೋಡಿನ ಕುಂಬಳೆಯವಳು, ಮಾತು ಮಾತ್ರ ಬೆಂಗಳೂರು ಸೀರಿಯಲ್ಲಿನದು. ಅಪ್ಪ ತಾಳಮದ್ದಳೆಗೆ ಕರೆದುಕೊಂಡು ಹೋಗುತ್ತಿದ್ದದ್ದು ನೆನಪಿದೆಯಾ? ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿ ಕೂತಲ್ಲೇ ಮಾತು ತೆಗೆದರೆ ಕರ್ಣನೋ ವಾಲಿಯೋ ಕಣ್ಣೆದುರು ಬರುತ್ತಿದ್ದ. ಬರೆಯುವಾಗ ನಿನಗೂ ಮೇಕಪ್ಪು, ಲೈಟು ಇಲ್ಲ. ಅವಳು ಮನೆಯಲ್ಲಿ ತುಳು ಮಾತಾಡಲಿ, ಬಸ್ಸಿನಲ್ಲಿ ಮಲಯಾಳ, ಅವನಿಗೆ ಕಾಗದ ಬರೆಯುವಾಗ ಕನ್ನಡ. ನಾವು ಇಲ್ಲಿ ಬದುಕುವುದೇ ಹಾಗೆ ಅಲ್ವಾ? ಹೊರಗಿನವರಿಗೆ ಅರ್ಥವಾಗುತ್ತೋ ಇಲ್ವೋ ಅಂತ ಹೆದರಬೇಡ. ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ ನಮ್ಮ ಚಂದ್ರಗಿರಿ ಹೊಳೆಯ ಬದಿಯ ಹೆಂಗಸರ ಕಷ್ಟವನ್ನೇ ಬರೆದರು. ಅವರ ಮೊದಲ ಕಾದಂಬರಿ 1984ರಲ್ಲಿ ಪುಸ್ತಕವಾಗಿ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ಘಟ್ಟದ ಮೇಲಿನವರೂ ಓದಿದರು. ನಿನಗೆ ತಡವಾಯ್ತು ಅಂತ ಯಾರು ಹೇಳಿದ್ದು?

ಪಿ.ಎ. ಕೆಲಸ ಬಿಡಬೇಡ. ಮನೆ ಬಾಡಿಗೆಗೆ ಯಾರ ಮುಂದೆಯೂ ಕೈಚಾಚದೆ ಬರೆಯುವುದು ದೊಡ್ಡ ವಿಷಯ. ನಿನ್ನ ಮ್ಯಾಡಂನ ಶೂಟಿಂಗ್ ಡೇಟು, ಟಿಕೆಟ್, ಔಷಧಿಯ ಹೊತ್ತು ಎಲ್ಲ ಡೈರಿಯಲ್ಲಿ ಗುರುತು ಹಾಕುತ್ತೀಯಲ್ಲ, ಅದರಲ್ಲೇ ನಿನ್ನ ಬರವಣಿಗೆಗೂ ಒಂದು ಗಂಟೆ ಹಾಕಿಡು. ಆ ಹೊತ್ತಿಗೆ ಯಾರ ಫೋನೂ ಎತ್ತಬೇಡ, ನನ್ನದಾದರೂ ಸರಿ.

ಅವನು ಊರು ಬಿಟ್ಟನಾ, ಇಲ್ಲ ಅರ್ಧ ದಾರಿಯಲ್ಲಿ ಇಳಿದನಾ? ಬೇಗ ಕಳಿಸು.

ನಿನ್ನ
ಅಮ್ಮ