ಚೈನ್ ಹಾಕಿಕೊಟ್ಟ ತಾತನಿಗೆ

ಜಪಾನಿನ ನಾಗಾನೊದಲ್ಲಿ ಸೇಬಿನ ತೋಟದ ಕೆಲಸ ಮುಗಿದಿತ್ತು. ಊಟ, ವಸತಿ ಕೊಟ್ಟು ಕೆಲಸ ಕಲಿಸುವ ತೋಟಗಳವು. ಮುಂದಿನ ತೋಟಕ್ಕೆ ಹೋಗಲು ಇನ್ನೂ ದಿನ ಇತ್ತು, ಒಬ್ಬಳೇ ಸುತ್ತಲು ಹೊರಟೆ. ಮತ್ಸುಮೊತೊದ ಕಪ್ಪು ಕೋಟೆ ನೋಡಿದೆ. ಚೆನ್ನಾಗಿದೆ. ಆದರೆ ರೈತರ ಮನೆ ಹುಡುಗಿ ಅಲ್ವಾ, ಮನಸ್ಸೆಲ್ಲ ಅಜುಮಿನೊದ ವಸಾಬಿ (ಜಪಾನಿನ ಖಾರದ ಗೆಡ್ಡೆ) ತೋಟದ ಮೇಲೆ.

ಹೊತಾಕ ಸ್ಟೇಷನ್ ಹತ್ತಿರ ಬಾಡಿಗೆ ಸೈಕಲ್ ತಗೊಂಡೆ. ಗದ್ದೆಗಳ ನಡುವೆ ಚೈನ್ ಕಳಚಿ ಸಂದಿಯಲ್ಲಿ ಸಿಕ್ಕಿಕೊಂಡಿತು. ಬದುವಿನಲ್ಲಿ ಕಳೆ ಕೀಳುತ್ತಿದ್ದ ನೀವು ಎದ್ದು ಬಂದಿರಿ. ಕುಡುಗೋಲಿನ ತುದಿಯಿಂದ ಚೈನ್ ಮೀಟಿ, ಹಲ್ಲಿಗೆ ಕೂರಿಸಿ, ಪೆಡಲ್ ಹಿಂದಕ್ಕೆ ತಿರುಗಿಸಿದಿರಿ. ಕೈಯೆಲ್ಲ ಗ್ರೀಸು, ಹುಲ್ಲಿಗೆ ಒರೆಸಿಕೊಂಡಿರಿ. ದುಡ್ಡು ತೆಗೆದರೆ ಕೈ ಅಡ್ಡ ಆಡಿಸಿದಿರಿ. ಸಾಲದ್ದಕ್ಕೆ ಪುಟ್ಟ ಟ್ರಕ್ಕಿನಲ್ಲಿ ನಿಧಾನಕ್ಕೆ ಮುಂದೆ ಹೋಗಿ ತೋಟದ ತಿರುವಿನವರೆಗೆ ದಾರಿ ತೋರಿಸಿದಿರಿ.

1915ರಲ್ಲಿ ಶುರುವಾದ ತೋಟವಂತೆ ಅದು. ಜಲ್ಲಿಯ ಮೇಲೆ ಒರತೆ ನೀರು ಹರಿಯುತ್ತಲೇ ಇರುತ್ತದೆ, ಅದರಲ್ಲೇ ಗಿಡ. ಬಿಸಿಲು ತಾಗದಂತೆ ಮೇಲೆ ಕಪ್ಪು ಬಟ್ಟೆ. ಚಿಂತಾಮಣಿಗೆ ವಿಡಿಯೊ ಕಾಲ್ ಮಾಡಿ ಅಪ್ಪನಿಗೆ ತೋರಿಸಿದೆ. "ಇಲ್ಲಿ ಸಾವಿರ ಅಡಿ ಕೊರೆದ್ರೂ ಬರೀ ಧೂಳು. ಅಲ್ಲಿ ನೀರು ಸುಮ್ನೆ ಹರಿದು ಹೋಗ್ತಿದೆಯಲ್ಲಮ್ಮ!" ಅಂದರು. ಫೋನ್ ಇಡಲು ಬಿಡಲೇ ಇಲ್ಲ.

ತಾತ, ಹೆಸರು ಕೇಳುವಷ್ಟರಲ್ಲಿ ನೀವು ಟ್ರಕ್ ತಿರುಗಿಸಿ ಹೊರಟಿದ್ದಿರಿ. ಕನ್ನಡದ ಈ ಮಾತು ನಿಮಗೆ ತಲುಪಲ್ಲ, ಗೊತ್ತು. ಆದರೂ ನಾಲ್ಕು ಜನರ ಮುಂದೆ ಹೇಳಬೇಕು ಅನ್ನಿಸಿತು: ತುಂಬಾ ಥ್ಯಾಂಕ್ಸ್. ಅಪ್ಪನ ಕಡೆಯಿಂದಲೂ.