ಬೋರ್ಡು ತೂಗುಹಾಕಿದರೆ ಹೊಣೆ ತಪ್ಪುವುದಿಲ್ಲ

ಮಾನ್ಯರೇ,

ಮದುವೆ, ಜಾತ್ರೆ, ರಜೆ ಎಂದು ನಮ್ಮ ಕಲಬುರಗಿ ಭಾಗದ ಲಾಡ್ಜ್‌ಗಳು ತುಂಬುವ ದಿನಗಳಲ್ಲಿ ಕೋಣೆಯೊಳಗಿನ ಕಳವಿನ ದೂರುಗಳೂ ಕೇಳಿಬರುತ್ತವೆ. ದೂರಿದವರಿಗೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: ‘ಬೆಲೆಬಾಳುವ ವಸ್ತುಗಳಿಗೆ ಮಾಲೀಕರು ಜವಾಬ್ದಾರರಲ್ಲ’ ಎಂದು ಕೌಂಟರಿನ ಹಿಂದೆ ತೂಗುವ ಬೋರ್ಡಿನತ್ತ ಬೆರಳು. ಅದನ್ನು ಓದಿ ತಂಗಿದವರು ಹಣೆಬರಹವೆಂದು ಸುಮ್ಮನಾಗುತ್ತಾರೆ. ತೂಗುಹಾಕಿದವರು ತಮ್ಮ ಕೆಲಸ ಮುಗಿಯಿತೆಂದು ನಿಶ್ಚಿಂತರಾಗುತ್ತಾರೆ. ಎರಡೂ ತಪ್ಪು ತಿಳಿವಳಿಕೆ. ಲಾಡ್ಜ್ ನಿರ್ವಹಣೆ ಹಾಗೂ ಕೀಲಿ, ಬಾಗಿಲು ದುರಸ್ತಿಯ ಕೆಲಸ ಬಲ್ಲ ನಾವು ಈ ಕುರಿತು ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ಬಾಗಿಲು. ಕಾರ್ಡು ತಾಗಿಸಿ ತೆಗೆಯುವ ಬಾಗಿಲು ದೊಡ್ಡ ಹೋಟೆಲ್‌ಗಳ ಮಾತು. ಸಾಮಾನ್ಯ ಲಾಡ್ಜಿನಲ್ಲಿ ಹೊರಗೊಂದು ಆಲ್ಡ್ರಾಪು, ಅಂದರೆ ಅಡ್ಡ ಸರಿಸುವ ಕಬ್ಬಿಣದ ಚಿಲಕ, ಅದಕ್ಕೊಂದು ಕೀಲಿ, ಅಂದರೆ ಬೀಗ. ಜನ ಕೀಲಿಯನ್ನು ಎರಡು ಸಲ ಜಗ್ಗಿ ನೋಡುತ್ತಾರೆ, ಆಲ್ಡ್ರಾಪಿನ ಕಡೆ ಕಣ್ಣೆತ್ತುವುದಿಲ್ಲ. ಕಳ್ಳನಿಗೆ ಕೀಲಿಯ ಗೊಡವೆಯೇ ಬೇಕಿಲ್ಲ. ಪ್ಲೈವುಡ್ ಬಾಗಿಲಿಗೆ ಒಂದಿಂಚಿನ ಸ್ಕ್ರೂ ಹೊಡೆದು ಕೂಡಿಸಿದ ಆಲ್ಡ್ರಾಪನ್ನು ಸರಳಿನಿಂದ ಮೀಟಿದರೆ ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಇದಕ್ಕಿಂತ ಕೆಟ್ಟದ್ದು, ಬಾಗಿಲು ಹಾಕಿದ ಮೇಲೂ ಸ್ಕ್ರೂಗಳ ತಲೆ ಹೊರಗೆ ಕಾಣುವುದು. ಅವನ್ನು ಬಿಚ್ಚಿ ಒಳಹೊಕ್ಕವನು ಹೋಗುವಾಗ ಮತ್ತೆ ತಿರುಗಿಸಿಟ್ಟರೆ ಕೀಲಿ ಹಾಕಿದಂತೆಯೇ ಇರುತ್ತದೆ. ‘ಕೀಲಿ ಮುರಿದಿಲ್ಲ, ಕಳವು ಎಲ್ಲಾಯಿತು?’ ಎಂಬ ವಾದ ಹುಟ್ಟುವುದು ಇಲ್ಲಿಂದಲೇ. ಸರಿಯಾದ ಕ್ರಮವೆಂದರೆ ಬಾಗಿಲನ್ನು ಆರಪಾರ ಕೊರೆದು, ಹೊರಗೆ ಗುಂಡು ತಲೆಯ 8 ಮಿ.ಮೀ. ಬೋಲ್ಟು, ಒಳಗೆ ವಾಷರ್ ಹಾಕಿ ನಟ್ಟು ಬಿಗಿಯುವುದು. ಕೋಣೆಯೊಳಗೆ ನಿಂತು ಬಾಗಿಲ ಹಿಂಬದಿ ನೋಡಿ. ನಟ್ಟುಗಳು ಕಂಡರೆ ಪೆಟ್ಟಿಗೆ ಇಳಿಸಿ. ಬರೀ ಸ್ಕ್ರೂ ಆಗಿದ್ದರೆ ಬೇರೆ ಕೋಣೆ ಕೇಳಿ. ಚೌಕಟ್ಟಿನ ಕಡೆಯ ಕೊಂಡಿಯೂ ಅಲುಗಾಡಬಾರದು.

ಇನ್ನು ಕೀಲಿಕೈ. ಲಾಡ್ಜಿನ ಕೀಲಿಕೈ ವರ್ಷಕ್ಕೆ ನೂರಾರು ಕೈ ದಾಟುತ್ತದೆ. ರಸ್ತೆ ಬದಿಯಲ್ಲಿ ಅರ ಹಿಡಿದು ಕೂತವರು ಲಿವರ್ ಕೀಲಿಯ (ಒಳಗೆ ಲಿವರ್ ಎಂಬ ಸಣ್ಣ ಲೋಹದ ಪಟ್ಟಿಗಳಿರುವ ಬೀಗದ) ನಕಲು ಕೈಯನ್ನು ಸ್ವಲ್ಪ ಹೊತ್ತಿನಲ್ಲೇ ಮಾಡಿಕೊಡುತ್ತಾರೆ. ಹಿಂದೆ ತಂಗಿದವನೋ, ಕೆಲಸ ಬಿಟ್ಟುಹೋದವನೋ ಒಂದು ನಕಲು ಇಟ್ಟುಕೊಂಡಿದ್ದರೆ ನಿಮಗೆ ತಿಳಿಯುವುದು ಹೇಗೆ? ಹಾಗಾಗಿ ಹೊರಗೆ ಹೋಗುವಾಗ ನಿಮ್ಮದೇ ಕೀಲಿ ಹಾಕುವುದು ಒಳ್ಳೆಯದು. 50 ಮಿ.ಮೀ. ಅಗಲದ, 8 ಮಿ.ಮೀ. ಕೊಕ್ಕೆಯ, ಏಳು ಲಿವರಿನ ಕೀಲಿ ಸಾಕು; ಅದಕ್ಕಿಂತ ದಪ್ಪನೆಯ ಕೊಕ್ಕೆ ಎಷ್ಟೋ ಆಲ್ಡ್ರಾಪುಗಳ ತೂತಿನಲ್ಲಿ ಇಳಿಯುವುದಿಲ್ಲ. ಕೌಂಟರಿಗೆ ಹೇಳಿಯೇ ಹಾಕಿ. ಬೆಂಕಿಯೋ ನೀರಿನ ಪೈಪು ಒಡೆಯುವುದೋ ಆದರೆ ಅವರು ಬಾಗಿಲು ತೆಗೆಯಲೇಬೇಕಾಗುತ್ತದೆ. ಲಾಡ್ಜಿನ ಹೆಸರು, ಕೋಣೆ ಸಂಖ್ಯೆ ಕೊರೆದ ಬಿಲ್ಲೆ ಕೀಲಿಕೈಗೆ ಕಟ್ಟಿದ್ದರೆ ಬಿಚ್ಚಿ ಕೋಣೆಯಲ್ಲೇ ಇಡಿ. ಬಸ್‌ಸ್ಟ್ಯಾಂಡಿನಲ್ಲಿ ಬಿದ್ದುಹೋದರೆ ಸಿಕ್ಕವನಿಗೆ ವಿಳಾಸವನ್ನೂ ಕೊಟ್ಟಂತೆ. ಕೌಂಟರಿನ ಗೋಡೆಗೆ ಸಂಖ್ಯೆ ಬರೆದ ಮೊಳೆಗಳಿಗೆ ಕೀಲಿಕೈ ನೇತುಹಾಕುವ ಪದ್ಧತಿ ಅದಕ್ಕಿಂತ ಅಪಾಯದ್ದು. ಯಾವ ಕೋಣೆ ಖಾಲಿ ಎಂದು ಅದು ಬಂದವರಿಗೆಲ್ಲ ತೋರಿಸುತ್ತದೆ, ‘ನೂರಾ ಐದು ಕೊಡ್ರಿ’ ಎಂದವನ ಕೈಗೆ ಗದ್ದಲದಲ್ಲಿ ಕೀಲಿಕೈ ಹೋಗಿಬಿಡುತ್ತದೆ.

ನಮ್ಮ ಬಿಸಿಲಿನಿಂದಾಗುವ ಕಳವುಗಳದ್ದೇ ಒಂದು ಬಗೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ದಾಟಿದ ಮೇಲೆ ಕಿಟಕಿ ಮುಚ್ಚಿ ಮಲಗುವವರು ಯಾರು? ವರಾಂಡದ ಕಡೆಯ ಕಿಟಕಿ ತೆರೆದಿದ್ದರೆ, ಗೋಡೆಗೆ ತೂಗುಹಾಕಿದ ಪ್ಯಾಂಟು, ಚಾರ್ಜಿಗೆ ಹಾಕಿದ ಮೊಬೈಲು, ಟೇಬಲ್ ಮೇಲಿನ ಕೈಚೀಲ ಎಲ್ಲವೂ ಕೊಕ್ಕೆ ಕಟ್ಟಿದ ಕೋಲಿಗೆ ಎಟುಕುತ್ತವೆ. ಒಳಚಿಲಕ ಕಿಟಕಿಯ ಪಕ್ಕದಲ್ಲೇ ಇದ್ದರೆ ಬಾಗಿಲೂ ತೆರೆಯುತ್ತದೆ. ತೆರೆದ ಕಿಟಕಿಯಿಂದ ಆರಡಿಯೊಳಗೆ ಏನನ್ನೂ ಇಡಬಾರದು; ಪ್ಲಗ್ಗು ಅಲ್ಲೇ ಇದ್ದರೆ ಮಲಗುವ ಮೊದಲೇ ಚಾರ್ಜು ಮುಗಿಸಿ. ಕೂಲರಿನ ಕಡೆಗೂ ಗಮನ ಇರಲಿ. ಕಿಟಕಿಯ ಗ್ರಿಲ್ಲು ಕತ್ತರಿಸಿ ಕೂರಿಸಿದ ಕೂಲರನ್ನು ಹೊರಗಿನಿಂದ ಸರಿಸಿದರೆ ಆಳು ನುಸುಳುವಷ್ಟು ದಾರಿಯಾಗುತ್ತದೆ. ಒಳಗಿನಿಂದ ಒಮ್ಮೆ ತಳ್ಳಿ ನೋಡಿ, ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದರೆ ಅಲುಗುವುದಿಲ್ಲ. ಬಚ್ಚಲಿನ ವೆಂಟಿಲೇಟರ್‌ಗೆ ಬರೀ ಗಾಜಿನ ಪಟ್ಟಿಗಳಿದ್ದು ಹಿಂದೆ ಗ್ರಿಲ್ಲು ಇಲ್ಲದಿದ್ದರೆ, ಆ ಪಟ್ಟಿಗಳನ್ನು ಒಂದೊಂದಾಗಿ ಜಾರಿಸಿ ತೆಗೆಯಬಹುದು. ಅಂಥ ಕೋಣೆಯಲ್ಲಿ ಬಚ್ಚಲ ಬಾಗಿಲಿಗೂ ಈಚೆಯಿಂದ ಚಿಲಕ ಹಾಕಿ ಮಲಗಬೇಕು.

ರಾತ್ರಿ ಒಳಚಿಲಕ ಸಡಿಲವೆನಿಸಿದರೆ, ಬಾಗಿಲು ಒಳಮುಖವಾಗಿ ತೆರೆಯುವಂಥದಾದರೆ, ರಬ್ಬರಿನ ಬೆಣೆ ಕೆಲಸಕ್ಕೆ ಬರುತ್ತದೆ. ಶಹಾಬಾದ್ ಫರಸಿಯ ಮೇಲೆ ಧೂಳಿದ್ದರೆ ಬೆಣೆ ಜಾರುತ್ತದೆ, ಹಸಿ ಬಟ್ಟೆಯಿಂದ ಒರೆಸಿ ಆಮೇಲೆ ತುರುಕಿ. ಬೆಣೆ ಇಲ್ಲದವರು ಬಚ್ಚಲಿನ ಬಕೆಟ್ಟನ್ನು ಬಾಗಿಲಿಗೆ ಒತ್ತಿಟ್ಟು ಅದರ ಅಂಚಿನ ಮೇಲೆ ಸ್ಟೀಲಿನ ಲೋಟ ನಿಲ್ಲಿಸಲಿ. ಬಾಗಿಲು ತಡೆಯದಿದ್ದರೂ ಎಚ್ಚರವಾಗುತ್ತದೆ.

ಕೋಣೆ ಯಾವಾಗ ಖಾಲಿ ಎನ್ನುವುದು ಯಾತ್ರಾಸ್ಥಳಗಳಲ್ಲಿ ಗುಟ್ಟಲ್ಲ. ಗಾಣಗಾಪುರಕ್ಕೆ ಬಂದವರು ನಸುಕಿನಲ್ಲಿ ಭೀಮಾ-ಅಮರ್ಜಾ ಸಂಗಮಕ್ಕೆ ಸ್ನಾನಕ್ಕೆ ಹೋಗುತ್ತಾರೆ, ಮಧ್ಯಾಹ್ನ ಮಧುಕರಿ ಭಿಕ್ಷೆಗೆ ಹೋಗುತ್ತಾರೆ. ಶರಣಬಸವೇಶ್ವರ ರಥೋತ್ಸವದ ಸಂಜೆ, ಬಂದೇನವಾಜ್ ಉರುಸಿನ ಸಂದಲ್ ಮೆರವಣಿಗೆಯ ಹೊತ್ತು, ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ, ಎಲ್ಲೆಡೆ ಕೋಣೆಗಳು ಒಮ್ಮೆಲೇ ಬಿಕೋ ಎನ್ನುತ್ತವೆ. ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯಬೇಕಾದ್ದರಿಂದ ಮೊಬೈಲು, ಪರ್ಸು ಕೋಣೆಯಲ್ಲೇ ಉಳಿಯುತ್ತವೆ. ಮನೆಯವರೆಲ್ಲ ಒಟ್ಟಿಗೆ ಹೊರಡದೆ ಎರಡು ಸರದಿಯಲ್ಲಿ ಹೋಗಿಬರುವುದಕ್ಕಿಂತ ಒಳ್ಳೆಯ ಕಾವಲು ಇಲ್ಲ. ಅದಾಗದಿದ್ದರೆ ಕೊರಳಿಗೆ ತೂಗುವ ನೀರು ನುಗ್ಗದ ಚೀಲ ಇರಲಿ.

ಹೆಚ್ಚು ಬಂಗಾರ ಕಳೆಯುವ ಭಯ ಇರುವುದು ಮದುವೆಯ ಕೋಣೆಗಳಲ್ಲಿ. ಕಲ್ಯಾಣ ಮಂಟಪದಲ್ಲಿ ಹೆಣ್ಣಿನ ಕಡೆಯವರಿಗೆ ಎರಡು, ಗಂಡಿನ ಕಡೆಯವರಿಗೆ ಎರಡು ಕೋಣೆ ಕೊಟ್ಟಿರುತ್ತಾರೆ. ಒಂದೊಂದರಲ್ಲಿ ಹದಿನೈದು ಜನರ ಸಾಮಾನು, ಒಂದೇ ಕೀಲಿಕೈ. ಸೀರೆ ಬದಲಿಸಲು ಅತ್ತಿಗೆ ಒಯ್ದದ್ದು ಚಿಕ್ಕಮ್ಮನ ಕೈಗೆ, ಅಲ್ಲಿಂದ ಯಾರದೋ ಹುಡುಗನ ಕೈಗೆ. ಹೊಸ ಅಂಗಿ ತೊಟ್ಟು ಬಂದವನನ್ನು ಹೆಣ್ಣಿನ ಕಡೆಯವರು ಗಂಡಿನ ಕಡೆಯವನೆಂದೂ ಗಂಡಿನ ಕಡೆಯವರು ಹೆಣ್ಣಿನ ಕಡೆಯವನೆಂದೂ ತಿಳಿಯುತ್ತಾರೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಒಡವೆಯ ಚೀಲವನ್ನು ಹಿರಿಯರೊಬ್ಬರಿಗೆ ವಹಿಸಿ, ಅವರಿಗೆ ಆ ದಿನ ಬೇರೆ ಯಾವ ಕೆಲಸವನ್ನೂ ಹೇಳಬೇಡಿ. ಚೀಲ ಅವರ ಹೆಗಲಿನಿಂದ ಇಳಿಯಬಾರದು. ಉಟ್ಟುತೊಟ್ಟು ಮುಗಿದ ಮೇಲೆ ಉಳಿದದ್ದನ್ನು ಕೋಣೆಗೆ ಮರಳಿಸದೆ ಊರಲ್ಲೇ ಇರುವ ನಂಬಿಕೆಯ ಮನೆಗೆ ಕಳಿಸಿ.

ಹೊರಡುವ ಮೊದಲೇ ಪ್ರತಿ ಒಡವೆಯ ಎರಡೂ ಬದಿಯ ಫೋಟೊ ತೆಗೆದು, ತೂಕವನ್ನು ಗ್ರಾಂನಲ್ಲಿ ಬರೆದಿಡಿ. 2023ರ ಏಪ್ರಿಲ್ 1ರಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಗಳ ಮೇಲೆ ಅಕ್ಷರ ಮತ್ತು ಅಂಕಿ ಸೇರಿದ ಆರು ಗುರುತಿನ ಎಚ್‌ಯುಐಡಿ ಸಂಖ್ಯೆ, ಅಂದರೆ ಆ ಒಡವೆಗಷ್ಟೇ ಸೇರಿದ ಸಂಖ್ಯೆ, ಇರುತ್ತದೆ; ಭೂತಗನ್ನಡಿ ಹಿಡಿದು ಓದಿ ಬರೆದುಕೊಳ್ಳಿ. ಹಳೆಯ ಒಡವೆಗಾದರೆ ತಿರುಪು, ಬೆಸುಗೆ ಹಾಕಿದ ಜಾಗ, ಉದುರಿದ ಹರಳು ಇಂಥವೇ ಗುರುತು. ‘ಎರಡೆಳೆ ಸರ, ಸುಮಾರು ಮೂರು ತೊಲಿ’ ಎಂದಷ್ಟೇ ದೂರು ಬರೆಸಿದರೆ, ಮಾಲು ಸಿಕ್ಕ ದಿನವೂ ಅದು ನಿಮ್ಮದೆಂದು ತೋರಿಸುವುದು ಕಷ್ಟ.

ಬಂಗಾರವೊಂದೇ ಬೆಲೆಬಾಳುವುದಲ್ಲ. ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಬರುವವರ ಚೀಲದಲ್ಲಿ ಮೂಲ ಕ್ರಯಪತ್ರ ಇರುತ್ತದೆ, ತೊಗರಿ ಮಾರಿದವರ ಚೀಲದಲ್ಲಿ ರೊಕ್ಕ. ಕಾಗದಗಳನ್ನು ಸ್ಕ್ಯಾನ್ ಮಾಡಿ ಮನೆಯವರಿಗೆ ಕಳಿಸಿಯೇ ಹೊರಡಬೇಕು. ರೊಕ್ಕವನ್ನು ರಾತ್ರಿ ಕೋಣೆಯಲ್ಲಿಡುವ ಬದಲು ಅದೇ ದಿನ ಬ್ಯಾಂಕಿಗೆ ಕಟ್ಟಬೇಕು.

ಕೋಣೆಯಲ್ಲಿ ಅಡಗಿಸುವ ಜಾಗಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಗಾದಿಯ ಕೆಳಗೆ, ದಿಂಬಿನ ಗವಸು, ಕಪಾಟಿನ ನೆತ್ತಿ, ಫ್ಲಶ್ ಟ್ಯಾಂಕು, ಇವೇ ಮೊದಲು ತಡಕುವ ಜಾಗಗಳು. ಕಪಾಟಿನ ಸಣ್ಣ ಕೀಲಿ ಮೀಟಿದರೆ ತೆರೆಯುತ್ತದೆ. ಜಿಪ್ ಪೆಟ್ಟಿಗೆಗೆ ಕೀಲಿ ಹಾಕಿದ್ದೇವೆಂಬ ಧೈರ್ಯವೂ ಬೇಡ: ಜಿಪ್ಪಿನ ಹಲ್ಲುಗಳ ನಡುವೆ ಬಾಲ್‌ಪೆನ್ನು ಒತ್ತಿದರೆ ಬಾಯಿ ಬಿಡುತ್ತದೆ, ಗುಂಡಿಯನ್ನು ಆಚೀಚೆ ಎಳೆದರೆ ಮತ್ತೆ ಮುಚ್ಚಿಕೊಳ್ಳುತ್ತದೆ, ಗುರುತೂ ಉಳಿಯುವುದಿಲ್ಲ. ಜಿಪ್ಪಿನ ಗುಂಡಿಯನ್ನು ಪೆಟ್ಟಿಗೆಯ ಹಿಡಿಕೆಗೇ ಸೇರಿಸಿ ಕೀಲಿ ಹಾಕಿದರೆ ಅದು ಆಚೀಚೆ ಸರಿಯದು, ಬಾಯಿ ಬಿಟ್ಟದ್ದು ಹಾಗೇ ಕಾಣುತ್ತದೆ. ರೈಲಿನಲ್ಲಿ ಬಳಸುವ ಸರಪಳಿಯಿಂದ ಪೆಟ್ಟಿಗೆಯನ್ನು ಕಬ್ಬಿಣದ ಮಂಚದ ಕಾಲಿಗೆ ಕಟ್ಟಿದರೆ ಇಡೀ ಪೆಟ್ಟಿಗೆ ಹೋಗುವುದಾದರೂ ತಪ್ಪುತ್ತದೆ.

ದೊಡ್ಡ ಹೋಟೆಲ್‌ಗಳ ಕೋಣೆಯಲ್ಲಿ ನಂಬರು ಒತ್ತುವ ತಿಜೋರಿ ಇರುತ್ತದೆ. ಮೊದಲು ಅದನ್ನು ಎರಡೂ ಕೈಯಿಂದ ಎತ್ತಿ ನೋಡಿ. ಗೋಡೆಗೋ ತಳಕ್ಕೋ ಬೋಲ್ಟು ಬಿಗಿಯದಿದ್ದರೆ ಅದು ಕಳ್ಳನಿಗೆ ಕಟ್ಟಿಕೊಟ್ಟ ಗಂಟು. ಬಾಗಿಲು ತೆರೆದಿಟ್ಟೇ ನಂಬರು ಹಾಕಿ ಬಾಗಿಲಿನ ಕೀಲಿ ಸರಳು ಹೊರಬಂದು ಒಳಹೋಗುವುದನ್ನು ಎರಡು ಸಲ ಪರೀಕ್ಷಿಸಿ, ಆಮೇಲೆ ಸಾಮಾನು ಇಡಿ. ಹುಟ್ಟಿದ ವರ್ಷ, ಕೋಣೆ ಸಂಖ್ಯೆ ಬೇಡ. ಒತ್ತಿದ ಗುಂಡಿಗಳ ಮೇಲೆ ಬೆರಳ ಜಿಡ್ಡು ಉಳಿಯುತ್ತದೆ, ಒರೆಸಿ. ಅತಿಥಿ ನಂಬರು ಮರೆತಾಗ ತೆರೆಯಲು ಇನ್ನೊಂದು ಮುಖ್ಯ ಸಂಖ್ಯೆ ಇರುತ್ತದೆ. ಕಾರ್ಖಾನೆಯಿಂದ ಬಂದ ಆ ಸಂಖ್ಯೆಯನ್ನು ಬದಲಿಸದೆ ಬಿಟ್ಟಿದ್ದರೆ ಬಲ್ಲವರೆಲ್ಲರೂ ತೆರೆಯಬಹುದು. ‘ಮುಖ್ಯ ಸಂಖ್ಯೆ ಬದಲಿಸಿದ್ದೀರಾ, ಯಾರ ಹತ್ತಿರ ಇದೆ?’ ಎಂದು ಕೇಳಲು ಸಂಕೋಚ ಬೇಡ. ಬ್ಯಾಟರಿ ಇಳಿದ ದೀಪ ಮಿನುಗುತ್ತಿದ್ದರೆ ಬದಲಿಸುವವರೆಗೆ ಬಳಸಬೇಡಿ. ಹೊರಡುವ ದಿನ ಮರೆಯದಿರಲು ಒಂದು ಕಾಲಿನ ಚಪ್ಪಲಿಯನ್ನು ಅದರಲ್ಲೇ ಇಡುವುದು ಒಳ್ಳೆಯ ಉಪಾಯ.

ಕೌಂಟರಿನಲ್ಲಿ ಇಡಲು ಕೊಡುವುದಾದರೆ, ಲಕೋಟೆಗೆ ಅಂಟು ಹಾಕಿ, ಅಂಟಿನ ಗೆರೆಯ ಮೇಲೆ ನಿಮ್ಮ ಸಹಿ, ಏನೇನಿದೆ ಎಂಬ ಪಟ್ಟಿ, ಅದರ ಮೇಲೆ ಲಾಡ್ಜಿನ ಸಹಿ ಮತ್ತು ಮೊಹರು ಪಡೆಯಿರಿ. ಈ ಚೀಟಿಯೇ ಎಲ್ಲಕ್ಕೂ ಆಧಾರ. ಹಾಗೆ ಒಪ್ಪಿಸಿದ ಸಾಮಾನಿನ ಬಗ್ಗೆ ವಿವೇಕವುಳ್ಳ ಮನುಷ್ಯ ತನ್ನ ವಸ್ತುವಿಗೆ ತೋರುವಷ್ಟು ಎಚ್ಚರ ವಹಿಸಲೇಬೇಕೆಂದು 1872ರ ಭಾರತೀಯ ಒಪ್ಪಂದ ಕಾಯ್ದೆಯ 151ನೇ ಕಲಂ ಹೇಳುತ್ತದೆ. 2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟ್ ದೆಹಲಿಯ ಹೋಟೆಲೊಂದರ ಪ್ರಕರಣದಲ್ಲಿ, ನಿಲ್ಲಿಸಲೆಂದು ಸಿಬ್ಬಂದಿಗೆ ಕೀಲಿಕೈ ಒಪ್ಪಿಸಿದ ಕಾರು ಕಳವಾದಾಗ, ‘ಮಾಲೀಕರ ಸ್ವಂತ ಹೊಣೆ’ ಎಂದು ಚೀಟಿಯಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ಹೋಟೆಲು ತನ್ನ ನಿರ್ಲಕ್ಷ್ಯದಿಂದ ಪಾರಾಗದು ಎಂದು ತೀರ್ಪು ಕೊಟ್ಟಿತು. ಅದು ಕಾರಿನ ಪ್ರಕರಣ, ಕೋಣೆಯದ್ದಲ್ಲ. ಕೋಣೆಯಲ್ಲಿ ಬಿಟ್ಟ ಸಾಮಾನಿಗೆ ಲಾಡ್ಜಿನ ನಿರ್ಲಕ್ಷ್ಯವನ್ನು ನೀವು ತೋರಿಸಿಕೊಡಬೇಕಾಗುತ್ತದೆ. ಆದ್ದರಿಂದಲೇ ಸಡಿಲ ಆಲ್ಡ್ರಾಪು, ಗ್ರಿಲ್ಲಿಲ್ಲದ ವೆಂಟಿಲೇಟರ್ ಕಂಡಾಗ ಬಾಯಿಮಾತಲ್ಲಿ ಹೇಳಿ ಬಿಡಬೇಡಿ. ಫೋಟೊ ತೆಗೆದು ಮ್ಯಾನೇಜರರ ವಾಟ್ಸ್ಆ್ಯಪ್‌ಗೆ ಕಳಿಸಿ. ಸಮಯ ಸಮೇತ ದಾಖಲೆ ಉಳಿಯುತ್ತದೆ.

ಕಳವು ಆಗಿಯೇಬಿಟ್ಟರೆ ಯಾವುದನ್ನೂ ಮುಟ್ಟದೆ, ಕೋಣೆಯನ್ನು ಗುಡಿಸಲು ಬಿಡದೆ 112ಕ್ಕೆ ಕರೆ ಮಾಡಿ. ಸಿಸಿಟಿವಿ ದೃಶ್ಯ ಉಳಿಸಿಡಬೇಕೆಂದು ಲಾಡ್ಜಿಗೆ ಬರಹದಲ್ಲಿ ಕೊಟ್ಟು ಸಹಿ ಪಡೆಯಿರಿ. ಡಿಸ್ಕು ತುಂಬಿದೊಡನೆ ಯಂತ್ರ ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋಗುತ್ತದೆ. ಕರೆಂಟು ಪದೇ ಪದೇ ಹೋಗುವ ಕಡೆ, ಒಳಗಿನ ಸಣ್ಣ ಸೆಲ್ಲು ಸತ್ತ ಯಂತ್ರದ ಗಡಿಯಾರ ತಪ್ಪಿರುತ್ತದೆ. ಪರದೆಯ ಸಮಯಕ್ಕೂ ನಿಮ್ಮ ಮೊಬೈಲಿನ ಸಮಯಕ್ಕೂ ಎಷ್ಟು ವ್ಯತ್ಯಾಸ ಎಂದು ಆಗಲೇ ಬರೆದಿಡಿ.

ಠಾಣೆಯಲ್ಲಿ ‘ಕಳೆದುಹೋಗಿದೆ’ ಎಂಬ ಅರ್ಜಿ ಕೊಟ್ಟು ಬರಬೇಡಿ. ಕಳೆದದ್ದು ಬೇರೆ, ಕಳವು ಬೇರೆ. ವಾಸದ ಕಟ್ಟಡದೊಳಗಿನ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂನಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಊರಿಗೆ ಮರಳಿದ ಮೇಲೆ ಗೊತ್ತಾದರೂ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದಾಖಲಿಸದಿದ್ದರೆ ಅಂಚೆಯಲ್ಲಿ ಎಸ್‌ಪಿಗೆ ಬರೆಯಬಹುದು. ಮೊಬೈಲು ಹೋಗಿದ್ದರೆ ಅದೇ ಸಂಖ್ಯೆಯ ಬದಲಿ ಸಿಮ್ ಪಡೆದು, ಎಫ್‌ಐಆರ್ ಪ್ರತಿ ಮತ್ತು ಐಎಂಇಐ ಸಂಖ್ಯೆಯೊಂದಿಗೆ (ಫೋನಿನ ಗುರುತು ಸಂಖ್ಯೆ) ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನನ್ನು ನಿರ್ಬಂಧಿಸಿ. *#06# ಒತ್ತಿದರೆ ಬರುವ ಆ ಸಂಖ್ಯೆಯನ್ನು ಇವತ್ತೇ ಮನೆಯ ಪುಸ್ತಕದಲ್ಲಿ ಬರೆದಿಡುವುದು ಜಾಣತನ.

ಲಾಡ್ಜಿನ ಲೋಪ ಸ್ಪಷ್ಟವಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ಸಲ್ಲಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ, ಕೊಟ್ಟ ಬಾಡಿಗೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಮಾಹಿತಿಗೆ ಸಹಾಯವಾಣಿ 1915 ಇದೆ.

ಲಾಡ್ಜ್ ಮಾಲೀಕರಲ್ಲಿ ನಮ್ಮ ಕೋರಿಕೆ ದೊಡ್ಡದೇನಲ್ಲ. ಮುಂದಿನ ಜಾತ್ರೆಗೆ ಮೊದಲು ಆಲ್ಡ್ರಾಪುಗಳ ಸ್ಕ್ರೂ ತೆಗೆಸಿ ಬೋಲ್ಟು ಹಾಕಿಸಿ. ಪ್ರತಿ ಕೋಣೆಗೂ ಅರ್ಧ ತಾಸಿನ ಕೆಲಸ. ಕೀಲಿಕೈ ಒಂದು ಕಳೆದರೂ ಕೀಲಿಯನ್ನೇ ಬದಲಿಸಿ, ನಕಲು ಮಾಡಿಸಿ ಸಮಾಧಾನಪಡಬೇಡಿ. ಗೋಡೆಯ ಮೊಳೆಗಳಲ್ಲಿ ತೂಗುವ ಕೀಲಿಕೈಗಳನ್ನು ಮೇಜಿನ ಒಳಖಾನೆಗೆ ಸೇರಿಸಿ, ರಿಜಿಸ್ಟರಿನಲ್ಲಿರುವ ಹೆಸರು ಕೇಳಿಯೇ ಕೊಡಿ. ಆ ಬೋರ್ಡಿನ ಜಾಗದಲ್ಲಿ ‘ಒಡವೆ, ರೊಕ್ಕ ಕೌಂಟರಿನಲ್ಲಿ ಕೊಟ್ಟು ರಸೀದಿ ಪಡೆಯಿರಿ’ ಎಂದು ಬರೆಸಿ, ರಸೀದಿ ಪುಸ್ತಕವನ್ನೂ ಅಚ್ಚು ಹಾಕಿಸಿ.

ಇಂತಿ,
ಲಾಡ್ಜ್ ನಿರ್ವಾಹಕರು ಮತ್ತು ಕೀಲಿ ದುರಸ್ತಿಗಾರರು,
ಕಲಬುರಗಿ